ಸೆಲ್ಲಿನ ವಯಸ್ಸು ಮತ್ತು ಅಂಗಡಿಯ ಬೀಗದ ಕೈ

ಊರಿನಲ್ಲಿ ಯಾರಿಗೋ ಏನೋ ಒಂದು ವಿದ್ಯೆ ಗೊತ್ತಿದೆ ಎಂದು ಸುದ್ದಿಯಾಗಬಾರದು. ಆಯಿತೋ ಮುಗಿಯಿತು, ಆಮೇಲೆ ಒಂದು ಲೋಟ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದು ಮುಗಿಸಲಿಕ್ಕೂ ಜನ ಬಿಡುವುದಿಲ್ಲ. ನನಗೆ ಗೊತ್ತಿರುವ ವಿದ್ಯೆ ಒಂದೇ: ಬ್ಯಾಟರಿ ಸೆಲ್ಲು ಯಾವಾಗ ಹುಟ್ಟಿತು ಎಂದು ಹೇಳುವುದು. ಅಷ್ಟಕ್ಕೇ ನನ್ನ ಅಂಗಡಿಯಲ್ಲಿ ನಡೆದಿರುವ ತಮಾಷೆ ಒಂದೆರಡಲ್ಲ.

ಬಣಕಲ್‌ನಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ನನ್ನದೊಂದು ರಿಪೇರಿ ಅಂಗಡಿ. ಅಪ್ಪ ಇಟ್ಟದ್ದು. ಅವರು ರೇಡಿಯೋ ಬಿಚ್ಚುತ್ತಿದ್ದರು, ನಾನು ಬ್ಯಾಟರಿ ಬಿಚ್ಚುತ್ತೇನೆ. ಈಗ ತೋಟದಲ್ಲಿ ಔಷಧಿ ಹೊಡೆಯುವ ಪಂಪಿನಿಂದ ಹಿಡಿದು ತಲೆಗೆ ಕಟ್ಟುವ ಟಾರ್ಚಿನವರೆಗೆ ಎಲ್ಲದರ ಹೊಟ್ಟೆಯಲ್ಲೂ ಹೆಬ್ಬೆರಳಿನಷ್ಟು ದಪ್ಪದ ಲಿಥಿಯಂ ಸೆಲ್ಲುಗಳೇ. ಈ ಸೆಲ್ಲಿಗೆ ಒಂದು ಗುಣ. ಉಪಯೋಗಿಸಿದರೂ ಮುದಿಯಾಗುತ್ತದೆ, ಉಪಯೋಗಿಸದೆ ಕಪಾಟಿನಲ್ಲಿ ಮಲಗಿಸಿದರೂ ಮುದಿಯಾಗುತ್ತದೆ. ಹಾಗಾಗಿ ಕೊಳ್ಳುವಾಗ ಹುಟ್ಟಿದ್ದು ಯಾವಾಗ ಎಂದು ತಿಳಿಯಬೇಕು. ಆದರೆ ಬಿಸ್ಕತ್ತಿನ ಪೊಟ್ಟಣಕ್ಕಿರುವ ಮರ್ಯಾದೆಯೂ ಇದಕ್ಕಿಲ್ಲ. ತಾರೀಕನ್ನು ನೇರವಾಗಿ ಹಾಕಿರುವುದಿಲ್ಲ. ಮೈಮೇಲಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಇರುವೆ ಸಾಲಿನ ಹಾಗೆ ನಾಲ್ಕೈದು ಅಕ್ಷರ, ಅಂಕಿ. ಒಂದು ಕಂಪನಿಗೆ ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ಇನ್ನೊಂದಕ್ಕೆ ಉಲ್ಟಾ. ಮತ್ತೊಂದು ತಿಂಗಳ ಗೊಡವೆಗೇ ಹೋಗದೆ ವಾರ ಎಣಿಸುತ್ತದೆ. ಇದನ್ನೆಲ್ಲ ನಾನು ವರ್ಷಗಟ್ಟಲೆ ಕೂತು ಅಪ್ಪನ ಹಳೆಯ ಡೈರಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ನನ್ನ ಜಂಬಕ್ಕೆಲ್ಲ ಆ ಡೈರಿಯೇ ಕಾರಣ, ಮುಂದೆ ಆದ ಅವಮಾನಕ್ಕೂ ಅದೇ.

೧. ಬೋರ್ಡು

ಒಮ್ಮೆ ಚಿಕ್ಕಮಗಳೂರಿನ ಒಬ್ಬ ವ್ಯಾಪಾರಿಯಿಂದ ಒಂದು ಪೆಟ್ಟಿಗೆ ಸೆಲ್ಲು ತಂದೆ. ಮನೆಗೆ ಬಂದು ಡೈರಿ ತೆಗೆದು ನೋಡಿದರೆ ಮೂರು ವರ್ಷದ ಹಿಂದಿನ ಮಾಲು. ಮರುದಿನ ಮೊದಲ ಬಸ್ಸಿಗೇ ವಾಪಸು ಹೋದೆ.

"ಅಕ್ಕ, ಪೆಟ್ಟಿಗೆ ನೋಡಿ, ಸೀಲು ನೋಡಿ, ಈ ವಾರ ಬಂದದ್ದು" ಎಂದ.

"ಪೆಟ್ಟಿಗೆ ಈ ವಾರದ್ದೇ. ಒಳಗಿರೋದು ಮೂರು ವರ್ಷದ್ದು."

"ಬಾಳೆಹಣ್ಣಾ ಅಕ್ಕ ಇದು, ಕೊಳೆಯೋದಕ್ಕೆ? ನಿಮ್ಮ ಊರಲ್ಲಿ ಇದನ್ನೆಲ್ಲ ಯಾರು ನೋಡ್ತಾರೆ?"

ಆ ಕೊನೆಯ ಮಾತಿಗೆ ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಬರುವಷ್ಟು ಹೊತ್ತೂ ಉರಿಯಿತು. ಇಳಿದವಳೇ ಸೀದಾ ಬೋರ್ಡು ಬರೆಯುವವನ ಹತ್ತಿರ ಹೋಗಿ ಬರೆಸಿದೆ: "ಈ ಅಂಗಡಿಯಲ್ಲಿ ಒಂದು ವರ್ಷಕ್ಕಿಂತ ಹಳೆಯ ಸೆಲ್ಲು ಹಾಕಿದ್ದು ಕಂಡುಬಂದರೆ ಅಂಗಡಿಯ ಬೀಗದ ಕೈ ನಿಮ್ಮದು."

ಬೋರ್ಡು ಬರೆಯುವವನು ಬ್ರಶ್ಶು ಹಿಡಿದು ಎರಡು ಸಲ ಕೇಳಿದ, "ಬೀಗದ ಕೈ ಅಂತಲೇ ಬರೀಲಾ ಅಕ್ಕ? ಹಣ ವಾಪಸ್ ಅಂತ ಬರೆದ್ರೆ ಸಾಕಾಗ್ತದೆ ಎಲ್ಲರಿಗೂ."

"ಬೀಗದ ಕೈ. ದೊಡ್ಡಕ್ಷರ. ಕೆಂಪು ಬಣ್ಣ" ಎಂದೆ.

ಪಕ್ಕದ ಗ್ಯಾರೇಜಿನ ಕಾಕಾ, ನನ್ನ ಅಪ್ಪನ ಕಾಲದಿಂದ ಅಲ್ಲೇ ಬೈಕು ರಿಪೇರಿ ಮಾಡಿಕೊಂಡಿರುವವರು, ಕೈಯ ಗ್ರೀಸು ಒರೆಸುತ್ತ ಬಂದು ಬೋರ್ಡನ್ನು ನಿಧಾನವಾಗಿ ಓದಿದರು. "ತಂಗಿ, ಕೋಪದಲ್ಲಿ ಬರೆಸಿದ ಬೋರ್ಡು ಮಳೆಗೂ ಅಳಿಸೋದಿಲ್ಲ" ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿಯ ಮುಂದೆ ಹನ್ನೆರಡು ಜನ. ವ್ಯಾಪಾರ ಕುದುರಿತು ಎಂದು ನಾನು ಹಿಗ್ಗಿದೆ. ಒಬ್ಬರ ಕೈಯಲ್ಲೂ ಬ್ಯಾಟರಿ ಇರಲಿಲ್ಲ. ನಾಲ್ಕು ಜನರ ಕೈಯಲ್ಲಿ ಭೂತಗನ್ನಡಿ ಇತ್ತು.

೨. ಕುಲುಕಿ ನೋಡಿದ್ದು

ಗುಡ್ಡದ ಮೇಲೆ ಎಸ್ಟೇಟು ಇರುವ ಗೌಡರೊಬ್ಬರು ನನ್ನ ಖಾಯಂ ಗಿರಾಕಿ. ಕಾಫಿಯ ವಿಷಯದಲ್ಲಿ ಅವರ ಮಾತಿಗೆ ಎದುರಿಲ್ಲ. ಕಣದಲ್ಲಿ ಒಣಗಲು ಹಾಕಿದ ಹಣ್ಣನ್ನು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಕುಲುಕಿ, ಗಿಲಗಿಲ ಸದ್ದು ಕೇಳಿ, "ಇನ್ನು ಒಂದೂವರೆ ಬಿಸಿಲು ಬೇಕು" ಎಂದರೆ ಒಂದೂವರೆಯೇ. ಯಂತ್ರ ಹಿಡಿದು ಬಂದವರೆಲ್ಲ ಅವರ ಕಿವಿಗೆ ಸೋತಿದ್ದಾರೆ.

ಅವರು ಮೊದಲ ಸಲ ಪಂಪಿನ ಬ್ಯಾಟರಿ ತಂದಾಗ ನಾನು ಒಳಗಿನ ಒಂದು ಸೆಲ್ಲು ತೆಗೆದು, ಡೈರಿ ನೋಡಿ, "ಇದಕ್ಕೆ ಐದು ವರ್ಷ ಆಗಿದೆ ಗೌಡ್ರೆ" ಎಂದೆ.

"ಆ ಇರುವೆ ಬರಹ ನೋಡಿ ಹೇಳ್ತೀಯಾ? ಇಲ್ಲಿ ಕೊಡು ಮಾರಾಯ್ತಿ" ಎಂದು ಸೆಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಕುಲುಕಿದರು. ಅವರ ಜೊತೆ ಬಂದಿದ್ದ ಮೇಸ್ತ್ರಿ ಉಸಿರು ಬಿಗಿಹಿಡಿದು ನಿಂತ. ನಾನೂ ಯಾಕೋ ಬಿಗಿಹಿಡಿದೆ.

"ಸದ್ದಿಲ್ಲ" ಎಂದರು ಗೌಡರು. "ಇನ್ನೂ ಹಸಿ ಇದೆ. ಇದಕ್ಕೆ ಎಂಥದೂ ಆಗಿಲ್ಲ."

ನಾನು ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ಬ್ಯಾಟರಿಯನ್ನು ವಾಪಸು ಕಟ್ಟಿಸಿಕೊಂಡು ಹೋದರು. ನಾಲ್ಕು ದಿನ ಬಿಟ್ಟು ಒಂದು ಟಿವಿ ಸರಿಮಾಡಲು ನಾನು ಅವರ ಎಸ್ಟೇಟಿಗೆ ಹೋದೆ. ಕಣದಲ್ಲಿ ಸಿಪ್ಪೆ ಸುಲಿದು ತೊಳೆದ ಪಾರ್ಚ್‌ಮೆಂಟ್ ಕಾಫಿ ಹರಡಿತ್ತು. ಅದರ ಮಧ್ಯೆ ಒಂದು ಗೋಣಿಚೀಲದ ಮೇಲೆ ಆ ಬ್ಯಾಟರಿ. ಮೇಸ್ತ್ರಿ ಗಂಟೆಗೊಂದು ಸಲ ಕಾಫಿಯನ್ನು ಹಲಗೆಯಿಂದ ಎಳೆದು ತಿರುವಿ ಹಾಕುವಾಗ ಬ್ಯಾಟರಿಯನ್ನೂ ಒಂದು ಸಲ ಮಗುಚಿ ಹಾಕುತ್ತಿದ್ದ.

ಬಿಸಿಲಿಗೆ ಅದು ಹೊತ್ತಿಕೊಂಡರೆ ಕಾಫಿಯ ಗತಿ ಏನು, ಮೇಸ್ತ್ರಿಯ ಗತಿ ಏನು? ಓಡಿಹೋಗಿ ಎತ್ತಿ ನೆರಳಿಗಿಟ್ಟೆ.

ಮೇಸ್ತ್ರಿಗೆ ಸಿಟ್ಟು ಬಂತು. "ಅಲ್ಲೇ ಇರ್ಲಿ ಅಕ್ಕ. ಒಂದು ಬದಿ ಮಾತ್ರ ಒಣಗಿದೆ."

೩. ದಂಡ

ಕೊನೆಗೂ ಗೌಡರ ಒಂದೆರಡು ಪಂಪುಗಳಿಗೆ ಹೊಸ ಸೆಲ್ಲು ಹಾಕುವ ದಿನ ಬಂತು. ಹಾಕಿದೆ. ಹಾಕಿದ ಮೇಲೆ ಅವರಿಗೆ ಅನುಮಾನ: "ನನ್ನ ಒಳ್ಳೆ ಸೆಲ್ಲು ತೆಗೆದು ಬೇರೆಯವರಿಗೆ ಹಾಕ್ತೀಯೋ ಏನೋ." ಮಲೆನಾಡಿನಲ್ಲಿ ಅನುಮಾನಕ್ಕೆ ಮದ್ದಿಲ್ಲ. ಹಾಗಾಗಿ ನಾನೊಂದು ಪದ್ಧತಿ ಮಾಡಿಕೊಂಡೆ. ತೆಗೆದ ಪ್ರತಿ ಸತ್ತ ಸೆಲ್ಲಿನ ಮೇಲೂ ಕಪ್ಪು ಮಾರ್ಕರ್‌ನಲ್ಲಿ ಯಾರದ್ದು, ಯಾಕೆ ತೆಗೆದೆ ಎಂದು ಬರೆಯುವುದು. ಮಾಲೀಕರಿಗೆ ತೋರಿಸಿ, ಆಮೇಲೆ ಗುಜರಿಯವನಿಗೆ ಕೊಡುವುದು. ನೀಲಿ ಹೊದಿಕೆಯ ಮೇಲೆ ಮುತ್ತಿನಂತೆ ಬರೆಯುತ್ತಿದ್ದೆ. ಜಾಗ ಕಡಿಮೆ, ಆದ್ದರಿಂದ ಮಾತೂ ಕಡಿಮೆ.

ಗೌಡರ ಸೆಲ್ಲುಗಳನ್ನು ಹೀಗೆ ಸಾಲಾಗಿ ಮೇಜಿನ ಮೇಲೆ ಇಟ್ಟಿದ್ದಾಗ ಗೌಡರ ಮನೆಯವರು ಅಂಗಡಿಗೆ ಬಂದರು. ಮಿತವಾಗಿ ಮಾತಾಡುವ ಹೆಂಗಸು. ಎಸ್ಟೇಟಿನಲ್ಲಿ ಎಲ್ಲರೂ ಅಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಕನ್ನಡಕ ಏರಿಸಿ ಒಂದೊಂದೇ ಓದಿದರು. "ಗೌಡ್ರು, ದಂಡ." ಇನ್ನೊಂದು ಎತ್ತಿದರು. "ಗೌಡ್ರು, ಬೇಗ ಬಿಸಿಯಾಗ್ತದೆ." ಮತ್ತೊಂದು. "ಗೌಡ್ರು, ಮಧ್ಯಾಹ್ನದ ಮೇಲೆ ನಡೆಯಲ್ಲ."

ನಾನು ನಾಚಿಕೆಯಿಂದ ಬೆವರಿ, "ಅಮ್ಮ, ಅದು ಅವರ ಬಗ್ಗೆ ಅಲ್ಲ..." ಎಂದು ತೊದಲಿದೆ.

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. "ನಲವತ್ತು ವರ್ಷ ಜೊತೆಗಿದ್ದು ನಾನು ಕಂಡುಕೊಂಡದ್ದನ್ನ ನೀನು ಎರಡು ಸಲ ನೋಡಿ ಬರೆದಿದ್ದೀಯಲ್ಲ ಮಗ" ಎಂದರು.

೪. ಅನುಭವಸ್ಥ ಬ್ಯಾಟರಿ

ಇದು ಚಿಕ್ಕದು. ಕೊಟ್ಟಿಗೆಹಾರದ ಒಬ್ಬ ಹೋಟೆಲಿನವನು ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳಲು ಹೊರಟ. ಕೊಳ್ಳುವವನು, ಮಾರುವವನು, ಇಬ್ಬರ ಭಾವಂದಿರು, ಒಟ್ಟು ಹೆಣ್ಣು ನೋಡಲು ಬಂದಷ್ಟು ಜನ ನನ್ನ ಅಂಗಡಿಗೆ ಬಂದರು. ಸ್ಕೂಟರ್ ಎರಡು ವರ್ಷದ್ದು ಎಂದು ಕಾಗದಪತ್ರ ಹೇಳಿತು. ಬ್ಯಾಟರಿ ಬಿಚ್ಚಿ ನೋಡಿದರೆ ಸೆಲ್ಲುಗಳಿಗೆ ನಾಲ್ಕು ವರ್ಷ.

"ಗಾಡಿ ಹುಟ್ಟೋದಕ್ಕೆ ಎರಡು ವರ್ಷ ಮೊದಲೇ ಬ್ಯಾಟರಿ ಹುಟ್ಟಿದೆಯಲ್ಲ?" ಎಂದೆ.

ಎಲ್ಲರೂ ಮಾರುವವನ ಮುಖ ನೋಡಿದರು. ಆಸಾಮಿ ಒಂದು ಕ್ಷಣವೂ ತಡವರಿಸಲಿಲ್ಲ.

"ಹೌದು ಅಕ್ಕ, ನಾನೇ ಹೇಳಿ ಹಾಕಿಸಿದ್ದು. ನಮ್ಮದು ಘಾಟಿ ರಸ್ತೆ ಅಲ್ವಾ? ಹೊಸಬರಿಗೆ ಆಗೋದಿಲ್ಲ, ಸ್ವಲ್ಪ ಅನುಭವ ಇರೋ ಬ್ಯಾಟರಿನೇ ಬೇಕು."

ಹೋಟೆಲಿನವನು ಸ್ಕೂಟರ್ ಕೊಂಡ ಎಂಬುದು ಇದರಲ್ಲಿ ಇನ್ನೂ ದೊಡ್ಡ ತಮಾಷೆ.

೫. ಸ್ಟಾಕು

ಹೊಸ ಸೆಲ್ಲು ಹಾಕಿಸಿಕೊಂಡ ಮೇಲೆ ಗೌಡರಿಗೆ ಲಿಥಿಯಂ ರುಚಿ ಹತ್ತಿತು, ಎಂದೋ ಎತ್ತಿಟ್ಟದ್ದು ನೆನಪಾಯಿತು. ಒಂದು ದಿನ ನನ್ನನ್ನು ಎಸ್ಟೇಟಿಗೆ ಕರೆಸಿ, ಗುಟ್ಟು ಹೇಳುವವರಂತೆ ಗೋಡೌನಿನ ಬಾಗಿಲು ತೆಗೆದರು. ಒಂದು ಬದಿಗೆ ಕರಿಮೆಣಸಿನ ಚೀಲಗಳು. ಮೆಣಸನ್ನು ಅವರು ರೇಟು ಬರುವ ತನಕ ಮಾರುವುದಿಲ್ಲ. ವರ್ಷ ಎಷ್ಟಾದರೂ ಆಗಲಿ. ಇನ್ನೊಂದು ಬದಿಗೆ ಹಲಗೆಯ ಮೇಲೆ ಒಂದು ಚಿಕ್ಕ ಚೀಲ, ಬಾಯಿ ಹೊಲಿದದ್ದು.

ಬಿಚ್ಚಿದರೆ ತುಂಬ ಸೆಲ್ಲು!

"ಎರಡು ವರ್ಷದ ಹಿಂದೆ ಯಾರೋ ಅಗ್ಗಕ್ಕೆ ಕೊಟ್ಟ. ಎತ್ತಿಟ್ಟಿದ್ದೀನಿ" ಎಂದರು ಗೌಡರು. "ಇನ್ನೊಂದು ಎರಡು ವರ್ಷ ಇಟ್ರೆ ಒಳ್ಳೆ ರೇಟು ಬರ್ತದೆ."

ನಾನು ನಾಲ್ಕೈದು ತೆಗೆದು ಓದಿದೆ. ಅವರು ಕೊಂಡ ದಿನವೇ ಅವು ಮುದುಕರಾಗಿದ್ದವು. ಮೀಟರಿನಲ್ಲಿ ಅಳತೆ ಹಾಕಿ ನೋಡಿದರೆ ಅರ್ಧಕ್ಕರ್ಧ ಸತ್ತೇಹೋಗಿದ್ದವು. ಹೇಳಲು ಸಂಕಟವಾದರೂ ಹೇಳಿದೆ, "ಗೌಡ್ರೆ, ಇದು ಮೆಣಸಲ್ಲ. ಇಟ್ಟಷ್ಟೂ ಹಾಳಾಗ್ತದೆ."

"ಮೆಣಸೂ ಇಟ್ಟರೆ ತೂಕ ಇಳೀತದೆ ಮಾರಾಯ್ತಿ. ಹಾಗಂತ ಬಿಸಾಡ್ತೀವಾ?"

ಅಮ್ಮ ಬಾಗಿಲಲ್ಲೇ ನಿಂತಿದ್ದರು. "ಹೇಳಿ ಪ್ರಯೋಜನ ಇಲ್ಲ ಮಗ" ಎಂದರು. "ನಮ್ಮ ಮದುವೆ ಕಾಗದದ ಉಳಿಕೆ ಇನ್ನೂರು ಇನ್ನೂ ಆ ಕಪಾಟಲ್ಲಿವೆ."

೬. ಬೀಗದ ಕೈ

ಈಗ ನಾನು ಯಾರಿಗೂ ಹೇಳಬಾರದು ಎಂದುಕೊಂಡಿದ್ದದ್ದು. ಆದರೆ ಬಣಕಲ್‌ನಲ್ಲಿ ಬಸ್ಸು ಹಿಡಿದವರಿಗೆಲ್ಲ ಗೊತ್ತಾಗಿರುವುದರಿಂದ ನಾನೇ ಹೇಳುವುದು ಮರ್ಯಾದೆ.

ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆದು ಮುಗಿಸಬೇಕು. ತಪ್ಪಿದರೆ ಬಳ್ಳಿ ಸೊರಗುತ್ತದೆ, ಬಳ್ಳಿ ಸೊರಗಿದರೆ ಗೌಡರೂ ಸೊರಗುತ್ತಾರೆ. ಆ ವರ್ಷ ಅವರ ಉಳಿದ ಆರು ಪಂಪುಗಳಿಗೂ ಹೊಸ ಸೆಲ್ಲು ಹಾಕಿಕೊಡುವ ಕೆಲಸ ನನಗೆ ಬಂತು. ಹಳೆಯ ವ್ಯಾಪಾರಿಯನ್ನು ಬಿಟ್ಟು, ಚಿಕ್ಕಮಗಳೂರಿನಲ್ಲೇ ಇನ್ನೊಬ್ಬನ ಹತ್ತಿರ ಕೆಂಪು ಹೊದಿಕೆಯ ಸೆಲ್ಲು ತಂದೆ. ಡೈರಿ ತೆಗೆದು ಓದಿದೆ. ನಾಲ್ಕು ತಿಂಗಳ ಎಳೆ ಮಾಲು! ಮೇಲಿನ ಸಾಲಿನ ಎರಡನ್ನು ಅಳತೆಗೆ ಹಾಕಿದೆ, ಚೆನ್ನಾಗಿಯೇ ಇದ್ದವು. ಮಳೆ ಹತ್ತಿರ ಬಂದಿತ್ತು, ಉಳಿದವನ್ನು ನೋಡುವ ತಾಳ್ಮೆ ಇರಲಿಲ್ಲ. ಪಂಪಿನೊಳಗೆ ಕೂರಿಸುವಾಗ ಕೆಲವು ಬಿಗಿಯಾದವು. ಹೊಸ ಮಾಲು, ಮೈಕೈ ತುಂಬಿಕೊಂಡಿದೆ ಎಂದು ಸಂತೋಷಪಟ್ಟೆ. ನನ್ನ ಬುದ್ಧಿಗೆ ಚಪ್ಪಲಿಯಲ್ಲಿ ಹೊಡೆಯಬೇಕು.

ವಾರ ಕಳೆಯಿತು. ಬೆಳಿಗ್ಗೆ ಹತ್ತು ಗಂಟೆಗೆ ಗೌಡರ ಜೀಪು ಅಂಗಡಿಯ ಮುಂದೆ ನಿಂತಿತು. ಗೌಡರು, ಅಮ್ಮ, ಮೇಸ್ತ್ರಿ, ಮೂವರೂ ಇಳಿದರು. ಮೇಸ್ತ್ರಿ ತಲೆಯಿಂದ ಸೊಂಟದವರೆಗೆ ಬೋರ್ಡೋ ಬಿದ್ದು ತಿಳಿನೀಲಿಯಾಗಿದ್ದ, ಸೊಂಟದ ಕೆಳಗೆ ಮಾಮೂಲು ಬಣ್ಣ.

"ಗುಡ್ಡದ ಅರ್ಧಕ್ಕೆ ಆರೂ ಪಂಪು ನಿಂತವು" ಎಂದರು ಗೌಡರು. "ಅರ್ಧ ತೋಟ ನೀಲಿ, ಅರ್ಧ ತೋಟ ಹಸಿರು. ಮೋಡ ನೋಡಿದ್ಯಾ? ನಾಳೆಯೋ ನಾಡಿದ್ದೋ ಮಳೆ." ಆಮೇಲೆ ತಲೆಯೆತ್ತಿ ನನ್ನ ಬೋರ್ಡನ್ನು, ಮೊದಲ ಸಲ ಓದುವವರ ಹಾಗೆ, ಗಟ್ಟಿಯಾಗಿ ಓದಿದರು.

ಅಷ್ಟು ಸಾಕಾಯಿತು. ಕಾಕಾ ಸ್ಪ್ಯಾನರ್ ಬಿಟ್ಟು ಬಂದರು. ಪಕ್ಕದ ಹೋಟೆಲಿನವರು ಬಂದರು. ಮೂಡಿಗೆರೆ ಬಸ್ಸಿನ ಕಂಡಕ್ಟರ್ ಕೂಡ, "ಒಂದು ನಿಮಿಷ, ಇದು ಮುಗೀಲಿ" ಎಂದು ಬಸ್ಸು ನಿಲ್ಲಿಸಿಕೊಂಡ.

ನನಗೆ ಒಳಗೆ ಭಯ, ಹೊರಗೆ ಜಂಬ. ಎಲ್ಲರ ಮುಂದೆ ಒಂದು ಪಂಪು ಬಿಚ್ಚಿದೆ. ನಿಂತುಹೋದ ಸೆಲ್ಲು ಹುಡುಕಿ ತೆಗೆದು, ಡೈರಿ ಬಿಡಿಸಿ ಮೇಜಿನ ಮೇಲಿಟ್ಟು, "ಯಾರು ಬೇಕಾದ್ರೂ ಓದಿ. ಈ ಅಕ್ಷರ ವರ್ಷ, ಇದು ತಿಂಗಳು. ಇದಕ್ಕೆ ಐದು ತಿಂಗಳೂ ತುಂಬಿಲ್ಲ" ಎಂದೆ. ಭೂತಗನ್ನಡಿಯವರು ಓದಿ ತಲೆಯಾಡಿಸಿದರು. ಗೆದ್ದೆ ಎಂದುಕೊಂಡೆ.

ಕಾಕಾ ಸೆಲ್ಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. "ತಂಗಿ, ಇದು ಸ್ವಲ್ಪ ದಪ್ಪ ಇಲ್ವಾ?"

"ಹೊಸದು ಕಾಕಾ."

"ನಮ್ಮ ಕಡೆ ಟೈರಿಗೆ ಮೇಲೊಂದು ಪದರ ಅಂಟಿಸಿ ಹೊಸದು ಅಂತಾರೆ. ಒಂದು ಸಲ ಸಿಪ್ಪೆ ಸುಲಿದು ನೋಡು."

ಚಿಕ್ಕ ಚಾಕುವಿನಿಂದ ಕೆಂಪು ಹೊದಿಕೆಯನ್ನು ಮೆಲ್ಲಗೆ ಸೀಳಿದೆ. ಒಳಗೆ ಉಕ್ಕಿನ ಮೈ ಕಾಣಬೇಕಿತ್ತು. ಕಂಡದ್ದು ಇನ್ನೊಂದು ಹೊದಿಕೆ, ನೀಲಿ. ಸತ್ತ ಸೆಲ್ಲಿನ ಹಳೆಯ ಹೊದಿಕೆ ತೆಗೆಯಲಿಕ್ಕೂ ಸೋಮಾರಿತನ ಪಟ್ಟು, ಅದರ ಮೇಲೆಯೇ ಹೊಸದನ್ನು ತೊಡಿಸಿ, ಬೇಕಾದ ತಾರೀಕು ಅಚ್ಚು ಹಾಕಿದ್ದರು. ನಾನು ಡೈರಿ ಹಿಡಿದು ಓದುತ್ತಿದ್ದದ್ದು ಯಾವನೋ ಬರೆದ ಸುಳ್ಳನ್ನು. ಕೆಂಪನ್ನು ಪೂರ್ತಿ ಸುಲಿದೆ. ನೀಲಿಯ ಮೇಲೆ ಕಪ್ಪು ಮಾರ್ಕರ್‌ನಲ್ಲಿ ಮುತ್ತಿನಂಥ ಅಕ್ಷರ.

ಬರಹ ನನ್ನದೇ. ಓದಿದ್ದು ಅಮ್ಮ, ಕನ್ನಡಕ ಏರಿಸಿ, ಬಸ್ಸಿನವರಿಗೂ ಕೇಳುವಂತೆ.

"ಗೌಡ್ರು, ದಂಡ."

ಬಸ್ಸಿನೊಳಗಿನಿಂದಲೇ ಮೊದಲ ನಗು ಬಂತು. ಮೇಸ್ತ್ರಿ ನಕ್ಕ ರಭಸಕ್ಕೆ ಒಣಗಿದ ಬೋರ್ಡೋ ಪುಡಿಪುಡಿಯಾಗಿ ಉದುರಿತು. ಗೌಡರೊಬ್ಬರೇ ನಗಲಿಲ್ಲ. "ಅಂದ್ರೆ ನಾನು ಬಿಸಾಡಿದ ಸೆಲ್ಲು ಗುಜರಿಗೆ ಹೋಗಿ, ಚಿಕ್ಕಮಗಳೂರಿಗೆ ಹೋಗಿ, ಹೊಸ ಅಂಗಿ ಹಾಕ್ಕೊಂಡು ನನ್ನ ಪಂಪಿಗೇ ಬಂದು ಕೂತಿದೆಯಾ?"

"ಹೌದು ಗೌಡ್ರೆ" ಎಂದೆ. ಅತ್ತುಬಿಡುತ್ತೇನೆ ಎನಿಸಿತು. ಅಪ್ಪನ ಅಂಗಡಿ. ಆದರೆ ಮಾತು ಮಾತೇ, ಅದೂ ಕೆಂಪು ದೊಡ್ಡಕ್ಷರದಲ್ಲಿ ಬರೆಸಿದ್ದು. ಮೊಳೆಯಿಂದ ಬೀಗದ ಕೈ ತೆಗೆದು ಅವರ ಕೈಗಿಟ್ಟೆ.

ಗೌಡರು ಅದನ್ನು ಜೇಬಿಗೆ ಹಾಕಿಕೊಂಡು, ಗಂಭೀರವಾಗಿ ಬಂದು ನನ್ನ ಕುರ್ಚಿಯಲ್ಲಿ ಕೂತೇಬಿಟ್ಟರು. ಅಷ್ಟರಲ್ಲೇ ಬಸ್ಸಿಳಿದ ಒಬ್ಬ ಅಜ್ಜಿ ಜನರನ್ನು ಸರಿಸಿಕೊಂಡು ಬಂದು ತಲೆಟಾರ್ಚು ಮುಂದಿಟ್ಟಳು. "ಉರಿಯೋದಿಲ್ಲ, ಸೆಲ್ಲಿಗೆ ಎಷ್ಟು ವರ್ಷ ಆಯ್ತು ನೋಡಿ ಹೇಳಿ."

ಗೌಡರು ಟಾರ್ಚಿನ ಸೆಲ್ಲು ತೆಗೆದು, ಕಣ್ಣು ಮುಚ್ಚಿ, ಕಿವಿಯ ಹತ್ತಿರ ಕುಲುಕಿದರು. "ಹಸಿ ಇದೆ. ಎರಡು ಬಿಸಿಲು ಹಾಕಿ."

ಅಮ್ಮ ಮುಂದೆ ಬಂದು ಅವರ ಜೇಬಿಗೆ ಕೈಹಾಕಿ ಬೀಗದ ಕೈ ತೆಗೆದು ನನಗೆ ಕೊಟ್ಟರು. "ತಗೋ ಮಗ. ಇವರ ಹತ್ರ ಬಿಟ್ರೆ ಅಂಗಡಿಯನ್ನೂ ರೇಟು ಬರೋ ತನಕ ಮುಚ್ಚಿಡ್ತಾರೆ. ಮೊದಲು ಪಂಪು ಸರಿ ಮಾಡು, ಮಳೆ ಬರ್ತದೆ. ಈ ಸಲ ಒಂದೊಂದನ್ನೂ ಸುಲಿದು ನೋಡು."

ಸುಲಿದೆ. ಅಳತೆಗೂ ಹಾಕಿದೆ. ಒಳ್ಳೆಯವಷ್ಟನ್ನೇ ಆರಿಸಿ ಕಟ್ಟುವಷ್ಟರಲ್ಲಿ ಸಂಜೆಯಾಯಿತು. ನಾಲ್ಕು ಪಂಪು ಸಿದ್ಧವಾದವು. ಮಳೆ ಮೂರನೆಯ ದಿನ ಬಂತು, ಅಷ್ಟರಲ್ಲಿ ಗುಡ್ಡವೆಲ್ಲ ನೀಲಿಯಾಗಿತ್ತು. ಬೋರ್ಡು ಈಗಲೂ ಇದೆ, ಬೀಗದ ಕೈ ಎಂಬಲ್ಲಿಗೆ ಮಾತ್ರ ಬಣ್ಣ ಬಳಿಸಿ ಮುಚ್ಚಿದ್ದೇನೆ.

ಅವತ್ತು ಸಂಜೆ ಅವರು ಹೊರಡುವಾಗ ನಾನು ಆ ನೀಲಿ ಸೆಲ್ಲನ್ನು ಪ್ರತ್ಯೇಕ ಡಬ್ಬಿಗೆ ಹಾಕಲು ಹೋದೆ. ಗೌಡರು ಕೈ ಚಾಚಿದರು. "ಅದನ್ನ ಇಲ್ಲಿ ಕೊಡು. ಊರೆಲ್ಲ ಸುತ್ತಿ ನನ್ನನ್ನೇ ಹುಡುಕಿಕೊಂಡು ಬಂದಿದೆ."

"ಗೌಡ್ರೆ, ಅದು ಪೂರ್ತಿ ಸತ್ತಿದೆ."

ಅವರು ಮುಷ್ಟಿಯಲ್ಲಿ ಹಿಡಿದು ಕುಲುಕಿದರು. ಕೆಂಪನ್ನು ಸುಲಿಯುವಾಗ ಚಾಕು ತಗುಲಿ ಸಡಿಲವಾಗಿದ್ದ ನೀಲಿ ಹೊದಿಕೆ ಒಳಗಿನ ಉಕ್ಕಿಗೆ ಬಡಿದು ಸಣ್ಣಗೆ ಗಿಲಗಿಲ ಎಂದಿತು. ಗೌಡರ ಮುಖ ಅರಳಿತು.

"ನೋಡಿದ್ಯಾ?" ಎಂದರು. "ಈಗ ಒಣಗಿದೆ."